ಸೂರೋ ರಾಜನ ಉಂಬಳಿ ಹೊಲ

ನಮ್ಮ ಪತ್ರಿಕೆಗಳಲ್ಲಿ ಕೊರಿಯಾದ ಸೂರೋ ರಾಜನ ಹೆಸರು ಬರುವುದು ಒಂದೇ ಕಾರಣಕ್ಕೆ: ಅಯೋಧ್ಯೆಯ ರಾಜಕುಮಾರಿಯ ಕೈಹಿಡಿದವನು ಅಂತ. ಸುದ್ದಿಯಲ್ಲಿ ಅವನಿಗೆ ಅರ್ಧ ಸಾಲು, ಉಳಿದದ್ದೆಲ್ಲ ಹೆಂಡತಿಗೆ. ಆ ಮದುವೆಯ ವಿಚಾರಕ್ಕೆ ಆಮೇಲೆ ಬರೋಣ. ಅದಕ್ಕೆ ಮೊದಲು ಈ ಕತೆಯನ್ನು ಯಾರು ಬರೆದಿಟ್ಟರು, ಯಾಕೆ ಬರೆದಿಟ್ಟರು ಅನ್ನುವುದನ್ನು ನೋಡಬೇಕು. ಪಠ್ಯವನ್ನು ಸಾಲು ಸಾಲಾಗಿ ಓದಿದಷ್ಟೂ ನನಗೆ ಸಿಗುವ ಉತ್ತರ ಒಂದೇ, ಜಮೀನು. ಸಮಾಧಿಯ ಹೆಸರಿನಲ್ಲಿ ಹೊಲ ಇತ್ತು, ಆ ಹೊಲದ ಮೇಲೆ ಜಗಳ ಇತ್ತು, ಹಾಗಾಗಿ ಕತೆ ಉಳಿಯಿತು.

ಸೂರೋ ಗುಮ್‌ಗ್ವಾನ್ ಗಾಯಾ ಎಂಬ ಪುಟ್ಟ ರಾಜ್ಯದ ಮೂಲಪುರುಷ. ಈಗಿನ ದಕ್ಷಿಣ ಕೊರಿಯಾದ ಆಗ್ನೇಯ ಮೂಲೆಯಲ್ಲಿ, ಬುಸಾನ್ ಪಕ್ಕದ ಗಿಮ್‌ಹೆ ನಗರವೇ ಅವನ ರಾಜಧಾನಿ. ಸಂಪ್ರದಾಯದ ಪ್ರಕಾರ ಅವನ ಆಳ್ವಿಕೆ ಕ್ರಿ.ಶ. 42ರಿಂದ 199ರವರೆಗೆ. ಮೊಟ್ಟೆಯೊಡೆದು ಬಂದ ವರ್ಷವೇ (ಮೊಟ್ಟೆಯ ಕತೆ ಮುಂದೆ ಬರುತ್ತದೆ) ಪಟ್ಟ, ಸಾಯುವಾಗ ವಯಸ್ಸು 158. ಹುಟ್ಟಿದ ವರ್ಷವನ್ನೇ ಒಂದು ಎಂದು ಎಣಿಸುವುದು ಕೊರಿಯಾದ ಹಳೆಯ ಪದ್ಧತಿ. ಅದನ್ನು ಮರೆತು ಕಳೆಯುವ ಲೆಕ್ಕ ಮಾಡಿದವರಿಗೆ 157 ಬರುತ್ತದೆ, ಪುಸ್ತಕ ತಪ್ಪು ಅನ್ನುತ್ತಾರೆ. ಪುಸ್ತಕದ ಲೆಕ್ಕ ಸರಿಯಾಗಿಯೇ ಇದೆ, ನಂಬುವುದು ಬಿಡುವುದು ಬೇರೆ ಮಾತು.

ಪೂರ್ತಿ ಕತೆ ಇರುವುದು 'ಸಾಮ್‌ಗುಕ್ ಯುಸಾ'ದಲ್ಲಿ. ಇರ್‌ಯೊನ್ (1206–1289) ಎಂಬ ಬೌದ್ಧ ಭಿಕ್ಷು 1280ರ ದಶಕದಲ್ಲಿ ಕೂಡಿಸಿದ ಗ್ರಂಥ ಅದು. ಅದರೊಳಗೆ 'ಗಾರಾಕ್‌ಗುಕ್‌ಗಿ', ಅಂದರೆ ಗಾರಾಕ್ ರಾಜ್ಯದ ದಾಖಲೆ ಎಂಬ ಭಾಗ ಬರುತ್ತದೆ. ಗಾರಾಕ್ ಅನ್ನುವುದು ಗಾಯಾದ ಇನ್ನೊಂದು ಹೆಸರು. ಇದು ಇರ್‌ಯೊನ್‌ನ ಸ್ವಂತ ರಚನೆಯಲ್ಲ. 1075–1084ರ ನಡುವೆ ಗಿಮ್‌ಹೆ ಸೀಮೆಯ ಆಡಳಿತ ನೋಡಿಕೊಳ್ಳುತ್ತಿದ್ದ ಒಬ್ಬ ಅಧಿಕಾರಿ ಬರೆದದ್ದನ್ನು ಸಂಕ್ಷೇಪಿಸಿ ಹಾಕಿದ್ದೇನೆ ಎಂದು ಅವನೇ ಶುರುವಿನಲ್ಲಿ ಹೇಳುತ್ತಾನೆ. ಅಧಿಕಾರಿಯ ಹೆಸರಿಲ್ಲ. ಸೂರೋ ಸತ್ತನೆನ್ನುವ ವರ್ಷಕ್ಕೂ ಈ ಬರಹಕ್ಕೂ ಹತ್ತಿರ ಹತ್ತಿರ 900 ವರ್ಷದ ಅಂತರ. ಬರೆದವನು ಬರಿಯ ಕವಿಯಲ್ಲ, ಕಂದಾಯದ ಕಡತವನ್ನೂ ನೋಡುವ ಮನುಷ್ಯ. ಓದುವಾಗ ಇದು ನೆನಪಿರಲಿ.

ಕತೆ ಹೀಗೆ. ಆ ಸೀಮೆಗೆ ರಾಜನಿರಲಿಲ್ಲ. ಒಂಬತ್ತು ಮಂದಿ ಮುಖಂಡರು, ಅವರ ಕೈಕೆಳಗೆ 75,000 ಜನ. 42ನೇ ವರ್ಷದ ಮೂರನೇ ಚಾಂದ್ರಮಾಸದಲ್ಲಿ, ಮೈಲಿಗೆ ಕಳೆಯಲು ನೀರಿಗಿಳಿದು ಮೀಯುವ ಹಬ್ಬದ ದಿನ, ಗುಜಿಬೊಂಗ್ ಎಂಬ ಗುಡ್ಡದಿಂದ ದನಿ ಕೇಳಿಸಿತು, ಆಳು ಕಾಣಿಸಲಿಲ್ಲ. 'ಇಲ್ಲಿ ಯಾರಾದರೂ ಇದ್ದೀರಾ? ನಾನಿರುವ ಜಾಗ ಯಾವುದು?' ಆಮೇಲೆ ಆಜ್ಞೆ: ಗುಡ್ಡದ ತುದಿಯ ಮಣ್ಣು ಅಗೆಯುತ್ತಾ ಹಾಡಿ, ಕುಣಿಯಿರಿ. ಹಾಡು ನಾಲ್ಕೇ ಸಾಲು. ಆಮೆಯೇ ಆಮೆಯೇ, ತಲೆ ಹೊರಗೆ ಹಾಕು. ಹಾಕದೆ ಹೋದರೆ ಸುಟ್ಟು ತಿನ್ನುತ್ತೇವೆ! ದೇವರನ್ನು ಬೇಡುವುದಿಲ್ಲ, ಹೆದರಿಸುತ್ತಾರೆ. ಕೊರಿಯಾದ ಅತ್ಯಂತ ಹಳೆಯ ಹಾಡುಗಳಲ್ಲಿ ಇದೂ ಒಂದು. ಅಗೆತದ ತಾಳಕ್ಕೆ ಹಾಡುವ ಕೆಲಸದ ಪದವೆಂದು ಕೆಲವರು, ಬೇಟೆಯ ಮಂತ್ರವೆಂದು ಕೆಲವರು ಇಂದಿಗೂ ವಾದಿಸುತ್ತಾರೆ. ಮಣ್ಣು ಅಗೆಯುತ್ತಾ ಹಾಡಿ ಎಂದು ಪಠ್ಯವೇ ಬಿಡಿಸಿ ಹೇಳಿರುವಾಗ ಮೊದಲನೆಯದೇ ನನಗೆ ಸರಿ ಕಾಣುತ್ತದೆ.

ಆಕಾಶದಿಂದ ನೇರಳೆ ಬಣ್ಣದ ಹಗ್ಗ ಇಳಿಯಿತು. ಅದರ ತುದಿಯಲ್ಲಿ ಕೆಂಪು ಬಟ್ಟೆ ಸುತ್ತಿದ ಚಿನ್ನದ ಪೆಟ್ಟಿಗೆ, ಒಳಗೆ ಸೂರ್ಯನಂತೆ ದುಂಡಗಿನ ಆರು ಚಿನ್ನದ ಮೊಟ್ಟೆ. ಮುಖಂಡ ಆದೋಗಾನ್‌ನ ಮನೆಯಲ್ಲಿ ಇಟ್ಟರು. ಹನ್ನೆರಡು ದಿನ ಕಳೆದು ನೋಡಿದರೆ ಆರು ಗಂಡುಮಕ್ಕಳು. ಇನ್ನೊಂದು ಹತ್ತು ಹನ್ನೆರಡು ದಿನದಲ್ಲಿ ಒಂಬತ್ತು 'ಚೊಕ್' ಎತ್ತರಕ್ಕೆ ಬೆಳೆದರು. ಆ ಕಾಲದ ಚೀನಾದ ಅಳತೆಗೋಲು ಸುಮಾರು 23 ಸೆಂಟಿಮೀಟರ್ ಎಂದು ಹಿಡಿದರೆ ಎರಡು ಮೀಟರಿಗೆ ತುಸು ಮೇಲು. ಮೊದಲು ಹೊರಬಂದವನು ಸೂರೋ. ಗಾಯಾ ಅನ್ನುವುದು ಆರು ಪುಟ್ಟ ರಾಜ್ಯಗಳ ಗುಂಪು, ಉಳಿದ ಐವರು ಉಳಿದ ಐದಕ್ಕೆ ರಾಜರಾದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅವನ ರೂಪ ವರ್ಣಿಸುವಾಗ ಬರಹಗಾರ ಏನು ಹೇಳುತ್ತಾನೆ ನೋಡಿ. ಒಂಬತ್ತು ಚೊಕ್ ಎತ್ತರ, ಚೀನಾದ ಶಾಂಗ್ ವಂಶದ ತಾಂಗ್‌ನಂತೆ. ಡ್ರ್ಯಾಗನ್ ಮುಖ, ಹಾನ್ ವಂಶದ ಗಾವ್‌ಜುವಿನಂತೆ. ಎಂಟು ಬಣ್ಣದ ಹುಬ್ಬು, ಯಾವ್ ದೊರೆಯಂತೆ. ಒಂದೊಂದು ಕಣ್ಣಿನಲ್ಲಿ ಎರಡೆರಡು ಪಾಪೆ, ಶುನ್ ದೊರೆಯಂತೆ. ಅವನ ಮೊದಲ ಬಿಡಾರಕ್ಕೆ ಹುಲ್ಲಿನ ಮಾಡು, ಅಂಚನ್ನೂ ಕತ್ತರಿಸಿರಲಿಲ್ಲ, ಮಣ್ಣಿನ ಮೆಟ್ಟಿಲು ಮೂರು ಚೊಕ್ ಎನ್ನುವ ಮಾತೂ ಯಾವ್ ದೊರೆಯ ಸರಳತೆಯನ್ನು ಹೊಗಳಲು ಚೀನೀ ಗ್ರಂಥಗಳು ಬಳಸುವ ಸಿದ್ಧ ನುಡಿ. ಓದಿಕೊಂಡ ಅಧಿಕಾರಿಯೊಬ್ಬ ತನ್ನೂರಿನ ದೇವರಾಜನಿಗೆ ಒಳ್ಳೆಯ ಬಟ್ಟೆ ತೊಡಿಸಿದ್ದಾನೆ, ಅಷ್ಟೇ. ಈ ಭಾಗವನ್ನು ಎತ್ತಿಕೊಂಡು ಸೂರೋ ಹೀಗಿದ್ದ, ಹಾಗಿದ್ದ ಎಂದು ಬರೆಯುವವರು ಚೀನಾದ ನಾಲ್ವರು ದೊರೆಗಳ ಬಗ್ಗೆ ಬರೆಯುತ್ತಿದ್ದಾರೆ.

ಆದರೆ ಅದೇ ಪುಟದಲ್ಲಿ ಎರವಲೆಂದು ಕಾಣದ ಒಂದು ಸಂಗತಿಯೂ ಇದೆ. 43ರಲ್ಲಿ 1,500 ಹೆಜ್ಜೆ ಸುತ್ತಳತೆಯ ಹೊರಗೋಡೆ, ಅರಮನೆ, ಕಚೇರಿ, ಆಯುಧಶಾಲೆ, ಕಣಜ ಕಟ್ಟಲು ತೀರ್ಮಾನವಾಯಿತು. ಗೋಡೆಯ ಕೆಲಸ ಮೊದಲನೇ ತಿಂಗಳ 20ಕ್ಕೆ ಶುರುವಾಗಿ ಮೂರನೇ ತಿಂಗಳ 10ಕ್ಕೆ ಮುಗಿಯಿತು. ಅರಮನೆಗೆ ಮಾತ್ರ ಬೇಸಾಯದ ಬಿಡುವಿನವರೆಗೆ ಕಾದರು. ಹತ್ತನೇ ತಿಂಗಳಲ್ಲಿ ಹಿಡಿದು ಮರುವರ್ಷದ ಎರಡನೇ ತಿಂಗಳಲ್ಲಿ ಮುಗಿಸಿದರು. ಬಿಟ್ಟಿ ದುಡಿಮೆಯನ್ನು ಸಸಿ ನೆಡುವ ಹೊತ್ತಿಗೂ ಕೊಯ್ಲಿಗೂ ಅಡ್ಡ ಬಾರದಂತೆ ಕೂಡಿಸುವ ಲೆಕ್ಕ ಇದು. 43ರ ದಾಖಲೆಯಲ್ಲದಿರಬಹುದು, ಆದರೆ ಕೆಲಸ ಮಾಡಿಸಿ ಗೊತ್ತಿದ್ದವನ ಕೈ ಕಾಣುತ್ತದೆ.

ಇರ್‌ಯೊನ್‌ನ ಪುಸ್ತಕಕ್ಕಿಂತ ಹಳೆಯ, ಅಧಿಕೃತ ಇತಿಹಾಸ 'ಸಾಮ್‌ಗುಕ್ ಸಾಗಿ', 1145ರಲ್ಲಿ ಕಿಮ್ ಬುಸಿಕ್ ಮುಗಿಸಿದ್ದು. ಅದರಲ್ಲಿ ಮೊಟ್ಟೆ, ಹಗ್ಗ ಯಾವುದೂ ಇಲ್ಲ. ಸೇನಾಪತಿ ಕಿಮ್ ಯುಸಿನ್‌ನ ಚರಿತ್ರೆಯಲ್ಲಿ, ಅವನ ಹನ್ನೆರಡನೇ ತಲೆಯ ಹಿರಿಯ ಸೂರೋ 'ಎಲ್ಲಿಯವನೋ ತಿಳಿಯದು' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಗುಡ್ಡ ಹತ್ತಿ ಒಂಬತ್ತು ಹಳ್ಳಿಗಳನ್ನು ನೋಡಿ ರಾಜ್ಯ ಕಟ್ಟಿದ, ಅಷ್ಟೇ.

ಗಾಯಾದ ನೆರೆಯ ರಾಜ್ಯ ಸಿಲ್ಲಾ. ಅದೇ ಪುಸ್ತಕದ ಸಿಲ್ಲಾ ರಾಜರ ವರ್ಷಾನುವರ್ಷದ ದಾಖಲೆಯಲ್ಲಿ, ಕ್ರಿ.ಶ. 102ರ ಕೆಳಗೆ, ಸೂರೋ ಬಗ್ಗೆ ನನಗೆ ಅತ್ಯಂತ ಇಷ್ಟವಾದ ಭಾಗವಿದೆ. ಎರಡು ಪುಟ್ಟ ರಾಜ್ಯಗಳು ಗಡಿಗೆ ಜಗಳವಾಡಿ ಸಿಲ್ಲಾದ ಪಾಸಾ ರಾಜನ ಹತ್ತಿರ ಪಂಚಾಯಿತಿಗೆ ಬಂದವು. ಅವನಿಗೆ ತೀರ್ಮಾನಿಸಲು ಆಗಲಿಲ್ಲ. ಗಾಯಾದ ಸೂರೋ ವಯಸ್ಸಾದವನು, ತಿಳಿದವನು ಎಂದು ಕರೆಸಿದ. ಸೂರೋ ಬಂದು, ಜಾಗ ಉಮ್‌ಜಿಪ್‌ಬೊಲ್ ರಾಜ್ಯದ್ದೆಂದು ತೀರ್ಪು ಕೊಟ್ಟ. ಪಾಸಾ ತನ್ನ ಆರು ಸೀಮೆಗಳವರು ಸೇರಿ ಅತಿಥಿಗೆ ಔತಣ ಕೊಡಬೇಕೆಂದು ಹೇಳಿದ. ಐದು ಸೀಮೆಗಳು ದೊಡ್ಡ ಅಧಿಕಾರಿಯನ್ನು ಕಳಿಸಿದವು, ಹಾಂಗಿ ಎಂಬ ಸೀಮೆ ಮಾತ್ರ ಕೆಳದರ್ಜೆಯವನನ್ನು ಕಳಿಸಿತು. ಸೂರೋಗೆ ಸಿಟ್ಟು ನೆತ್ತಿಗೇರಿತು. ತನ್ನ ಆಳು ತಾಮ್‌ಹಾರಿಗೆ ಹೇಳಿ ಹಾಂಗಿ ಸೀಮೆಯ ಯಜಮಾನ ಬೋಜೆಯನ್ನು ಕೊಲ್ಲಿಸಿ ಊರಿಗೆ ಹೊರಟೇಬಿಟ್ಟ. ಕೊಲೆಗಾರ ಓಡಿಹೋಗಿ ಉಮ್‌ಜಿಪ್‌ಬೊಲ್‌ನ ಒಡೆಯನ ಮನೆಯಲ್ಲಿ ಅಡಗಿದ. ಅವನನ್ನು ಒಪ್ಪಿಸು ಅಂದರೆ ಒಡೆಯ ಒಪ್ಪಿಸಲಿಲ್ಲ. ಪಾಸಾ ದಂಡೆತ್ತಿ ಹೋಗಿ ಆ ರಾಜ್ಯವನ್ನೇ ನುಂಗಿದ. ತೀರ್ಪಿನಲ್ಲಿ ಗೆದ್ದವನೇ ಕೊನೆಗೆ ರಾಜ್ಯ ಕಳೆದುಕೊಂಡ. ಸೂರೋನನ್ನು ಮಾತ್ರ ಸಿಲ್ಲಾ ಮುಟ್ಟಲಿಲ್ಲ, ಕೊಲೆ ಮಾಡಿಸಿದವನೇ ಅವನಾದರೂ. ಆ ಕಾಲದಲ್ಲಿ ಎರಡು ರಾಜ್ಯಗಳ ತೂಕ ಎಷ್ಟಿತ್ತೆಂದು ಇದಕ್ಕಿಂತ ಚೆನ್ನಾಗಿ ಯಾವ ಹೊಗಳಿಕೆಯೂ ಹೇಳಲಾರದು. ವರ್ಷ 102 ಸರಿಯಿಲ್ಲದಿರಬಹುದು. ಸಿಲ್ಲಾದ ಈ ಆರಂಭದ ವರ್ಷಗಳನ್ನು ಇತಿಹಾಸಕಾರರು ಹಾಗೆಯೇ ಒಪ್ಪುವುದಿಲ್ಲ. ಆದರೆ ಮುಂದೆ ಗಾಯಾವನ್ನು ಗೆದ್ದ ಸಿಲ್ಲಾ ತನ್ನ ಮುಖಭಂಗವನ್ನು ತಾನೇ ಹುಟ್ಟಿಸಿ ಬರೆಯುವ ಅಗತ್ಯವಿರಲಿಲ್ಲ.

ಈಗ ಮದುವೆ. 48ರ ಏಳನೇ ಚಾಂದ್ರಮಾಸದ 27ರಂದು ಮುಖಂಡರು ತಮ್ಮ ಹೆಣ್ಣುಮಕ್ಕಳನ್ನು ಕೊಡುತ್ತೇವೆ ಅಂದರು. ನನ್ನ ಹೆಣ್ಣನ್ನು ಆಕಾಶವೇ ಕಳಿಸುತ್ತದೆ ಎಂದ ಸೂರೋ ಮಾಂಗ್‌ಸಾನ್ ದ್ವೀಪಕ್ಕೆ ಆಳು ಅಟ್ಟಿದ. ನೈಋತ್ಯ ದಿಕ್ಕಿನಿಂದ ಕೆಂಪು ಹಾಯಿ, ಕೆಂಪು ಬಾವುಟದ ಹಡಗು ಬಂತು. (ಇದನ್ನು 'ಜುಲೈ 27' ಎಂದು ಬರೆಯುವುದು ಎಲ್ಲೆಲ್ಲೂ ಕಾಣುವ ತಪ್ಪು. ಚಾಂದ್ರಮಾಸದ ಏಳು ನಮ್ಮ ಜುಲೈ ಅಲ್ಲ.) ಹಡಗಿನಲ್ಲಿದ್ದ ಹುಡುಗಿ, ಗುರುತಿಲ್ಲದವರ ಹಿಂದೆ ಬರುವುದಿಲ್ಲ ಎಂದು ಕೂತಳು. ರಾಜನೇ ಅರಮನೆಯಿಂದ ಸುಮಾರು 60 ಹೆಜ್ಜೆ ಈಚೆ ಬಂದು ಬೆಟ್ಟದ ಬುಡದಲ್ಲಿ ಡೇರೆ ಹಾಕಿಸಬೇಕಾಯಿತು. ಅವಳು ದಡಕ್ಕಿಳಿದು, ಉಟ್ಟ ರೇಷ್ಮೆಯ ಚಲ್ಲಣ ಬಿಚ್ಚಿ ಬೆಟ್ಟದ ದೇವತೆಗೆ ಒಪ್ಪಿಸಿದಳು. ಹೆಸರು ಹೊ ಹ್ವಾಂಗೊಕ್, ವಯಸ್ಸು 16, ಊರು ಆಯುತಾ ರಾಜ್ಯ. ಹಡಗಿನ 15 ಮಂದಿ ನಾವಿಕರಿಗೆ ತಲಾ ಹತ್ತು 'ಸೊಕ್' ಅಳತೆಯ ಅಕ್ಕಿ, 30 ಥಾನು ಬಟ್ಟೆ ಕೊಟ್ಟು ವಾಪಸ್ ಕಳಿಸಿದರು. ಕೂಲಿಯ ಲೆಕ್ಕ ಬರೆಯುವುದರಲ್ಲಿ ನಮ್ಮ ಅಧಿಕಾರಿ ಎಂದೂ ತಪ್ಪುವುದಿಲ್ಲ.

ಆಯುತಾ ಎಂದರೆ ಅಯೋಧ್ಯೆಯೇ? ಹೆಸರು ಅದೇ, ಅನುಮಾನವಿಲ್ಲ. ಏಳನೇ ಶತಮಾನದ ಚೀನೀ ಯಾತ್ರಿಕ ಹ್ಯುಯೆನ್‌ತ್ಸಾಂಗ್ ತನ್ನ ಪ್ರವಾಸದ ಬರಹದಲ್ಲಿ ಅಯೋಧ್ಯೆಗೆ ಬಳಸಿದ್ದೂ ಇದೇ ಬಗೆಯ ಅಕ್ಷರಗಳು. ತೊಡಕು ಅಲ್ಲೇ ಇದೆ. ಕ್ರಿ.ಶ. ಒಂದನೇ ಶತಮಾನದಲ್ಲಿ ಆ ನಗರಕ್ಕೆ ಚಾಲ್ತಿಯಲ್ಲಿದ್ದ ಹೆಸರು ಸಾಕೇತ. ಅಯೋಧ್ಯೆ ಎಂಬುದು ಊರ ಹೆಸರಾಗಿ ಗಟ್ಟಿಯಾಗಿದ್ದು ಗುಪ್ತರ ಕಾಲದಿಂದೀಚೆಗೆ. ಹಾಗಾದರೆ ಆಯುತಾ ಎಂಬ ಮಾತು ಹಡಗಿನಲ್ಲಿ ಬಂದದ್ದಕ್ಕಿಂತ ಬೌದ್ಧ ಗ್ರಂಥಗಳ ಮೂಲಕ ಬಂದಿರುವ ಸಂಭವವೇ ಹೆಚ್ಚು. ಥಾಯ್ಲೆಂಡಿನ ಅಯುತ್ಥಯಾ ಇರಬಹುದೆಂಬ ವಾದವನ್ನು ಕೈಬಿಡಬಹುದು. ಆ ನಗರ ಹುಟ್ಟಿದ್ದೇ 14ನೇ ಶತಮಾನದಲ್ಲಿ, ಇರ್‌ಯೊನ್ ಸತ್ತ ಮೇಲೆ.

ಸೂರೋ ಸಮಾಧಿಯ ಬಾಗಿಲ ಮೇಲೆ ಜೋಡಿ ಮೀನಿನ ಚಿತ್ರವಿದೆ, ಅಯೋಧ್ಯೆ ಇರುವ ಅವಧ ಸೀಮೆಯ ಕಟ್ಟಡಗಳ ಮೇಲೂ ಜೋಡಿ ಮೀನಿದೆ, ಆದ್ದರಿಂದ ಸಂಬಂಧ ಖಚಿತ ಎಂಬ ವಾದ ಬಹಳ ಓಡಾಡಿದೆ. ಎರಡರ ಕಾಲವನ್ನೂ ನೋಡಿ. ಸಮಾಧಿಯ ಆ ಬಾಗಿಲು 18ನೇ ಶತಮಾನದ ಕೊನೆಯದು. ಲಖನೌ, ಫೈಜಾಬಾದ್ ಕಡೆಯ ಮೀನು ಅವಧದ ನವಾಬರ ಲಾಂಛನ, ಅದೂ 18ನೇ ಶತಮಾನದ್ದೇ. ಒಂದನೇ ಶತಮಾನಕ್ಕೆ ಎರಡೂ ಸಾಕ್ಷಿಯಾಗಲಾರವು.

ಪಠ್ಯವೇ ಬಿಟ್ಟುಕೊಡುವ ಸುಳಿವು ಬೇರೆ ಇದೆ, ಅದರ ಕಡೆಗೆ ನಮ್ಮಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ರಾಣಿಯ ಜೊತೆ ಬಂದ ಇಬ್ಬರು ಅಧಿಕಾರಿಗಳ ಹೆಸರು ಶಿನ್ ಬೊ, ಜೊ ಗ್ವಾಂಗ್, ಎರಡೂ ಚೀನೀ ಬಗೆಯ ಹೆಸರು. ಹಡಗಿನಿಂದ ಇಳಿಸಿದ ಸರಕನ್ನು 'ಹಾನ್ ಅಂಗಡಿಗಳ ಸಾಮಾನು', ಅಂದರೆ ಚೀನಾದ ಸಾಮಾನು, ಎಂದೇ ಕರೆದಿದೆ. ಎರಡನೇ ರಾಜ ಗೊದುಂಗ್ ಮದುವೆಯಾದದ್ದು ಶಿನ್ ಬೊನ ಮಗಳನ್ನು, ಮೂರನೇ ರಾಜ ಮಾಪುಮ್ ಮದುವೆಯಾದದ್ದು ಜೊ ಗ್ವಾಂಗ್‌ನ ಮೊಮ್ಮಗಳನ್ನು. ಅಲ್ಲಿಗೆ ಮೊದಲ ಮೂರು ತಲೆಮಾರಿನ ರಾಣಿಯರೂ ಒಂದೇ ಹಡಗಿನ ಬಳಗ. ಇದು ವ್ಯಾಪಾರಿ ಗುಂಪೊಂದು ಸ್ಥಳೀಯ ದೊರೆಯೊಂದಿಗೆ ಬೀಗತನ ಬೆಳೆಸಿದ ಲಕ್ಷಣ. ಕೊರಿಯಾದ ಉತ್ತರ ಭಾಗದಲ್ಲಿ ಆಗ ಚೀನಾದ ಲೆಲಾಂಗ್ ಪ್ರಾಂತವಿತ್ತು, ಅಲ್ಲಿಂದ ಕರಾವಳಿ ಹಿಡಿದು ಬಂದವರಿರಬೇಕೆಂದು ಹಲವು ವಿದ್ವಾಂಸರು ಊಹಿಸುತ್ತಾರೆ. ಅಯೋಧ್ಯೆಯ ಸರಯೂ ದಂಡೆಯಲ್ಲಿ 2001ರಲ್ಲಿ ರಾಣಿಯ ಸ್ಮಾರಕ ನಿಂತಿತು, 2018ರಲ್ಲಿ ಕೊರಿಯಾ ಅಧ್ಯಕ್ಷರ ಪತ್ನಿ ದೀಪೋತ್ಸವಕ್ಕೆ ಬಂದರು, 2019ರಲ್ಲಿ ಎರಡೂ ದೇಶ ಸೇರಿ ಅಂಚೆಚೀಟಿ ತಂದವು. ಒಳ್ಳೆಯ ನೆಂಟಸ್ತನ, ಬೇಡವೆನ್ನುವವರು ಯಾರು. ಇತಿಹಾಸದ ಪುರಾವೆ ಎಂದು ಮಾತ್ರ ಅದನ್ನು ಎಣಿಸಬಾರದು.

ಗಾರಾಕ್ ದಾಖಲೆಯ ಕೊನೆಯ ಭಾಗ ಜಮೀನಿನದು. ಹೆಚ್ಚಿನವರು ಮದುವೆ ಮುಗಿದೊಡನೆ ಪುಸ್ತಕ ಮಡಚುತ್ತಾರೆ, ನನಗಂತೂ ಸ್ವಾರಸ್ಯ ಶುರುವಾಗುವುದೇ ಇಲ್ಲಿ. 532ರಲ್ಲಿ ಗಾಯಾದ ಹತ್ತನೇ, ಕೊನೆಯ ರಾಜ ಗುಹ್ಯೊಂಗ್ ಹೆಂಡತಿ ಮತ್ತು ಮೂವರು ಗಂಡುಮಕ್ಕಳೊಂದಿಗೆ ಸಿಲ್ಲಾಕ್ಕೆ ಶರಣಾದ. ಅವನ ಮರಿಮಗನೇ ಮುಂದೆ ಸಿಲ್ಲಾದ ಮಹಾ ಸೇನಾಪತಿಯಾದ ಕಿಮ್ ಯುಸಿನ್. ಯುಸಿನ್‌ನ ತಂಗಿ ಸಿಲ್ಲಾದ ರಾಣಿ, ಅವಳ ಮಗ ಮುನ್‌ಮು ರಾಜ. 661ರಲ್ಲಿ ಪಟ್ಟಕ್ಕೆ ಬಂದ ಮುನ್‌ಮು, ಸೂರೋ ನನ್ನ ತಾಯಿಯ ಕಡೆಯಿಂದ ಹದಿನೈದನೇ ತಲೆಯ ಮೂಲಪುರುಷ, ರಾಜ್ಯ ಹೋದರೂ ಪೂಜೆ ನಿಲ್ಲಬಾರದು ಎಂದು ಸಮಾಧಿಗೆ ಹತ್ತಿರದ ಅತ್ಯುತ್ತಮ ದರ್ಜೆಯ 30 'ಗ್ಯೊಂಗ್' (ಭೂಮಿಯ ಒಂದು ಅಳತೆ) ಗದ್ದೆಯನ್ನು ಉಂಬಳಿ ಬಿಟ್ಟ. ವರ್ಷಕ್ಕೆ ಐದು ಪೂಜೆ: ಮೊದಲ ತಿಂಗಳ 3 ಮತ್ತು 7, ಐದನೇ ತಿಂಗಳ 5, ಎಂಟನೇ ತಿಂಗಳ 5 ಮತ್ತು 15. ಸೋತ ರಾಜ್ಯದ ದೊರೆಗೆ ಗೆದ್ದ ರಾಜ್ಯದ ಖಜಾನೆಯಿಂದ ಪೂಜೆ, ಅದೂ ತಾಯಿಯ ಕಡೆಯ ಸಂಬಂಧದಿಂದ. ಸೂರೋ ಕತೆಗೆ ಜೀವ ಉಳಿದದ್ದು ಆ ಗದ್ದೆಯ ಅಕ್ಕಿಯಲ್ಲಿ.

ಜಮೀನಿದ್ದ ಕಡೆ ಕಣ್ಣು ಬೀಳದೆ ಇರುತ್ತದೆಯೇ. ಸಿಲ್ಲಾದ ಕೊನೆಗಾಲದಲ್ಲಿ ಯೊಂಗ್‌ಗ್ಯು ಎಂಬವನು ದಂಡನಾಯಕನ ಬಲ ನಂಬಿ ಪೂಜೆಯ ಹಕ್ಕನ್ನು ಕಿತ್ತುಕೊಂಡು ತಾನೇ ಪೂಜೆಗೆ ನಿಂತ, ಗುಡಿಯ ತೊಲೆ ಮುರಿದು ತಲೆ ಮೇಲೆ ಬಿದ್ದು ಸತ್ತ. ಚಿನ್ನವಿದೆಯೆಂದು ಸಮಾಧಿಗೆ ಕನ್ನ ಹಾಕಲು ಬಂದ ಕಳ್ಳರನ್ನು ಮೊದಲು ಕವಚ ತೊಟ್ಟ ಯೋಧ ಬಾಣ ಬಿಟ್ಟು ಕೊಂದ, ಮತ್ತೆ ಬಂದಾಗ 30 ಚೊಕ್ ಉದ್ದದ ಹೆಬ್ಬಾವು ಹೊರಬಂದು ಎಂಟೊಂಬತ್ತು ಜನರನ್ನು ಕಚ್ಚಿ ಕೊಂದಿತು.

991ರ ಪ್ರಕರಣ ಎಲ್ಲಕ್ಕಿಂತ ಚೆನ್ನ. ಗಿಮ್‌ಹೆಗೆ ಭೂಮಾಪನಕ್ಕೆ ಬಂದ ಜೊ ಮುನ್‌ಸೊನ್ ಎಂಬ ಅಧಿಕಾರಿ, ಸೂರೋ ಸಮಾಧಿಗೆ ಭೂಮಿ ಹೆಚ್ಚಾಯಿತು, 15 'ಗ್ಯೊಲ್' (ಇದೂ ಭೂಮಿಯ ಅಳತೆ) ಬಿಟ್ಟು ಉಳಿದದ್ದನ್ನು ಊರಿನ ಊಳಿಗದವರಿಗೆ ಹಂಚೋಣ ಎಂದು ಆಸ್ಥಾನಕ್ಕೆ ಬರೆದ. ಹಳೆಯ ಪದ್ಧತಿ, ಮುಟ್ಟಬೇಡ ಎಂದು ಉತ್ತರ ಬಂತು. ಅವನು ಬಿಡಲಿಲ್ಲ, ಮತ್ತೆ ಬರೆದ. ಈ ಸಲ ಅರ್ಧ ಸಮಾಧಿಗೆ, ಅರ್ಧ ಊಳಿಗದವರಿಗೆ ಎಂದು ಒಪ್ಪಿಗೆ ಸಿಕ್ಕಿತು. ಅಳತೆ ಮುಗಿಯುವ ಹೊತ್ತಿಗೆ ಸುಸ್ತಾಗಿ ಮಲಗಿದವನ ಕನಸಿನಲ್ಲಿ ಏಳೆಂಟು ದೆವ್ವಗಳು ಹಗ್ಗ, ಕತ್ತಿ ಹಿಡಿದು ಬಂದು 'ನಿನ್ನ ತಪ್ಪು ದೊಡ್ಡದು, ತಲೆ ತೆಗೆಯಲು ಬಂದಿದ್ದೇವೆ' ಅಂದವು. ಕಿರುಚಿಕೊಂಡು ಎದ್ದ, ಕಾಯಿಲೆ ಬಿದ್ದ, ಯಾರಿಗೂ ಹೇಳದೆ ರಾತ್ರೋರಾತ್ರಿ ಓಡಿದ, ಕಣಿವೆಯ ಗಡಿ ದಾಟುವಾಗ ಸತ್ತ. ಅವನ ಭೂಮಾಪನದ ಪುಸ್ತಕಕ್ಕೆ ಮೊಹರು ಬೀಳಲಿಲ್ಲ ಎಂಬ ಮಾತನ್ನೂ ದಾಖಲೆ ಮರೆಯುವುದಿಲ್ಲ. ಕನ್ನಡದ ದತ್ತಿ ಶಾಸನ ಓದಿದವರಿಗೆ ಇದರ ಗುಟ್ಟು ತಕ್ಷಣ ಹೊಳೆಯುತ್ತದೆ: ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನು ಎಂಬ ಕೊನೆಯ ಸಾಲು ಮಾಡುವ ಕೆಲಸವನ್ನೇ ಈ ದೆವ್ವಗಳು ಮಾಡುತ್ತಿವೆ. ಸುಮಾರು 85 ವರ್ಷದ ಮೇಲೆ ಅದೇ ಊರಿನ ಅಧಿಕಾರಿ ಇದನ್ನು ಬರೆದಿಟ್ಟದ್ದು ಕತೆ ಚೆನ್ನಾಗಿದೆ ಎಂದಲ್ಲ, ಮುಂದೆ ಬರುವ ಮೋಜಣಿದಾರ ಓದಲಿ ಎಂದು.

ದೆವ್ವ ಕಾಯದ ಕಡೆ ಏನಾಯಿತೆಂಬುದೂ ಅದೇ ಬರಹದಲ್ಲಿದೆ. ರಾಜ ರಾಣಿ ಮದುವೆಯಾದ ಜಾಗದಲ್ಲಿ 452ರಲ್ಲಿ ಎಂಟನೇ ರಾಜ ಜಿಲ್ಜಿ ಒಂದು ಬೌದ್ಧ ವಿಹಾರ ಕಟ್ಟಿಸಿ ಹತ್ತು ಗ್ಯೊಲ್ ಭೂಮಿ ಬಿಟ್ಟ. ಐನೂರು ವರ್ಷದ ಮೇಲೆ ಪಕ್ಕದಲ್ಲಿ 300 ಗ್ಯೊಲ್ ಭೂಮಿಯ ದೊಡ್ಡ ವಿಹಾರ ಎದ್ದಿತು. ಹಳೆಯದು ನಮ್ಮ ಎಲ್ಲೆಯೊಳಗಿದೆ ಎಂದು ಅದರ ಪಾರುಪತ್ಯಗಾರರು ಅದನ್ನು ಮುಚ್ಚಿಸಿ ಕಣವನ್ನಾಗಿ, ಕುದುರೆ ದನ ಕಟ್ಟುವ ಕೊಟ್ಟಿಗೆಯನ್ನಾಗಿ ಮಾಡಿದರು. 'ಅಯ್ಯೋ!' ಎಂದು ಬರೆದು ಮುಂದಕ್ಕೆ ಹೋಗುತ್ತಾನೆ ಅಧಿಕಾರಿ.

ಹಾಗಾದರೆ ಮಣ್ಣಿನಡಿ ಏನಿದೆ? ಮೂರನೇ ಶತಮಾನದ ಚೀನೀ ಇತಿಹಾಸ 'ಸಾನ್‌ಗುವೊಝಿ' ಈ ಸೀಮೆಯಲ್ಲಿ ಕಬ್ಬಿಣ ಸಿಗುತ್ತದೆ, ಸುತ್ತಲಿನವರೂ ಜಪಾನಿನವರೂ ಬಂದು ಒಯ್ಯುತ್ತಾರೆ, ಸಂತೆಯಲ್ಲಿ ಚೀನಾದಲ್ಲಿ ನಾಣ್ಯ ಕೊಟ್ಟಂತೆ ಇಲ್ಲಿ ಕಬ್ಬಿಣ ಕೊಡುತ್ತಾರೆ ಎನ್ನುತ್ತದೆ. ಎರಡೂ ತುದಿ ಅಗಲ, ನಡು ಸಣ್ಣಗಿರುವ ತೆಳು ಕಬ್ಬಿಣದ ಪಟ್ಟಿಗಳು ಗಾಯಾ ಸೀಮೆಯ ಗೋರಿಗಳಲ್ಲಿ ಕಟ್ಟುಕಟ್ಟಾಗಿ ಸಿಕ್ಕಿವೆ. ಸತ್ತವನ ಕೆಳಗೆ ಹಾಸುವಷ್ಟು. ಹುಟ್ಟಿದ ಮಗುವಿನ ತಲೆಯನ್ನು ಕಲ್ಲಿನಿಂದ ಒತ್ತಿ ಚಪ್ಪಟೆ ಮಾಡುತ್ತಾರೆಂದೂ ಅದೇ ಪುಸ್ತಕ ಹೇಳಿತ್ತು. ಬಹುಕಾಲ ಕಟ್ಟುಕತೆ ಎಂದುಕೊಂಡಿದ್ದರು, ಗಿಮ್‌ಹೆಯ ಯೆಯಾನ್‌ರಿ ಗೋರಿಗಳಲ್ಲಿ ಹಾಗೆ ಒತ್ತಿದ ಹೆಣ್ಣಿನ ತಲೆಬುರುಡೆಗಳೇ ಸಿಕ್ಕವು. 1990ರಿಂದ ಅಗೆದ ಡೇಸೊಂಗ್‌ಡೊಂಗ್ ದಿಬ್ಬದಲ್ಲಿ ಮೂರನೇ ಶತಮಾನದ ಕೊನೆಯಿಂದ ದೊಡ್ಡ ಮರದ ಕೋಣೆಯ ಗೋರಿಗಳಿವೆ: ಉತ್ತರದ ಹುಲ್ಲುಗಾವಲಿನ ಬಗೆಯ ಕಂಚಿನ ಹಂಡೆ, ಕಬ್ಬಿಣದ ಕವಚ, ಜಪಾನಿನ ಸುರುಳಿ ಆಕಾರದ ಕಂಚಿನ ಅಲಂಕಾರ, ಒಡೆಯನ ಜೊತೆಗೆ ಕೊಂದು ಹೂಳಿದ ಆಳುಗಳು. ಐದನೇ ಶತಮಾನದ ಆರಂಭಕ್ಕೆ ದೊಡ್ಡ ಗೋರಿಗಳು ನಿಂತೇಹೋಗುತ್ತವೆ. 400ರಲ್ಲಿ ಉತ್ತರದ ಗೊಗುರ್ಯೊ ರಾಜ್ಯದ ದೊರೆ ಗ್ವಾಂಗ್‌ಗೇತೊ 50,000 ದಂಡು ಕಳಿಸಿ ವೈರಿಗಳನ್ನು ಗಾಯಾದವರೆಗೆ ಅಟ್ಟಿಸಿದನೆಂದು ಅವನ ಶಿಲಾಶಾಸನವೇ ಹೇಳುತ್ತದೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಏಳು ಗಾಯಾ ಗೋರಿನೆಲೆಗಳಲ್ಲಿ ಡೇಸೊಂಗ್‌ಡೊಂಗ್ ಒಂದು.

ಕ್ರಿ.ಶ. 42ಕ್ಕೆ ಸರಿಹೊಂದುವ ರಾಜನ ಗೋರಿ ಗಿಮ್‌ಹೆಯಲ್ಲಿ ಸಿಕ್ಕಿಲ್ಲ. ಆದರೆ ಅಲ್ಲಿನ ಚಿಪ್ಪುದಿಬ್ಬದಲ್ಲಿ (ಹಿಂದಿನವರು ತಿಂದೆಸೆದ ಚಿಪ್ಪುಗಳ ರಾಶಿ) 1920ರಲ್ಲಿ ಒಂದು ನಾಣ್ಯ ಸಿಕ್ಕಿದೆ, ಒಂದನೇ ಶತಮಾನದ ಆರಂಭದಲ್ಲಿ ಚೀನಾ ಆಳಿದ ವಾಂಗ್ ಮಾಂಗ್ ಅಚ್ಚು ಹಾಕಿಸಿದ್ದು. ಅಂದರೆ ಒಂದನೇ ಶತಮಾನದಲ್ಲಿ ಆ ಬಂದರಿಗೆ ಹೊರಗಿನ ಹಡಗು ಬರುತ್ತಿತ್ತು ಎನ್ನಲು ಅಡ್ಡಿಯಿಲ್ಲ. ಒಂದೂವರೆ ಶತಮಾನ ಆಳಿದ ಒಬ್ಬ ಸೂರೋನ ಬದಲು ಆ ಹೆಸರಿನಡಿ ಸೇರಿಕೊಂಡ ನಾಲ್ಕಾರು ದೊರೆಗಳನ್ನು ಊಹಿಸಿಕೊಂಡರೆ ಲೆಕ್ಕ ಸುಲಭವಾಗುತ್ತದೆ. ಆರು ಗಾಯಾಗಳಲ್ಲಿ ಇನ್ನೊಂದಾದ ಡೇಗಾಯಾದವರು ಹೇಳುತ್ತಿದ್ದ ಕತೆಯಲ್ಲಿ ಸೂರೋ ಮೊಟ್ಟೆಯಿಂದ ಬಂದವನೇ ಅಲ್ಲ. ಗಾಯಾ ಬೆಟ್ಟದ ದೇವಿಗೆ ಹುಟ್ಟಿದ ಇಬ್ಬರಲ್ಲಿ ಒಬ್ಬ, ಡೇಗಾಯಾದ ದೊರೆ ಇನ್ನೊಬ್ಬ. ತಮ್ಮವನ ಹೆಸರನ್ನು ಅವರು ಮೊದಲು ಹೇಳುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ನೋಡಲು ಹೋಗುವವರಿಗೆ: ಬುಸಾನ್–ಗಿಮ್‌ಹೆ ಲೈಟ್ ರೈಲಿನಲ್ಲಿ 'ಸೂರೋ ವಾಂಗ್‌ನುಂಗ್' ಹೆಸರಿನದೇ ನಿಲ್ದಾಣವಿದೆ. ಸಮಾಧಿ ಸುಮಾರು ಐದು ಮೀಟರ್ ಎತ್ತರದ ಹುಲ್ಲುದಿಬ್ಬ. ಈಗಿನ ರೂಪ 1580ರಲ್ಲಿ ಪ್ರಾಂತಾಧಿಕಾರಿ ಹೊ ಯೊಪ್ ಮಾಡಿಸಿದ ಜೀರ್ಣೋದ್ಧಾರದ್ದು, ಎದುರಿನ ಕಲ್ಲು 1647ರದು. ಗುಜಿಬೊಂಗ್ ಮತ್ತು ರಾಣಿಯ ಸಮಾಧಿ ಉತ್ತರಕ್ಕೆ, ನಡೆದೇ ಹೋಗಬಹುದು. ಗುಡ್ಡದ ಬುಡದಲ್ಲೇ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಗುಡ್ಡ ಹತ್ತಿ ಸಮುದ್ರ ಹುಡುಕಿದರೆ ಕಾಣುವುದಿಲ್ಲ. ನಾಕ್‌ಡೊಂಗ್ ನದಿ ತಂದ ಹೂಳು ಹಳೆಯ ಕೊಲ್ಲಿಯನ್ನು ತುಂಬಿದೆ, ಕೆಂಪು ಹಾಯಿ ಬಂತೆನ್ನುವ ನೀರಿನ ಜಾಗದಲ್ಲಿ ಈಗ ಗದ್ದೆ, ಕಾರ್ಖಾನೆ, ವಿಮಾನ ನಿಲ್ದಾಣ. ಸೂರೋನನ್ನು ಮೂಲಪುರುಷ ಎನ್ನುವ ಗಿಮ್‌ಹೆ ಕಿಮ್ ಕುಲದವರು 2015ರ ಜನಗಣತಿಯಲ್ಲಿ ಸುಮಾರು 44 ಲಕ್ಷ. ಇಬ್ಬರು ಮಕ್ಕಳು ತಾಯಿಯ ಕುಲನಾಮ ಪಡೆದರೆಂದು ಹೇಳುವ ಹೊ ಕುಲದವರೊಂದಿಗೆ ಅವರು ಹಿಂದಿನಿಂದಲೂ ಹೆಣ್ಣು ಕೊಟ್ಟು ತರುವುದಿಲ್ಲ. ವರ್ಷಕ್ಕೆ ಐದಿದ್ದ ಪೂಜೆ ಈಗ ಎರಡಕ್ಕೆ ಬಂದಿದೆ, ಮೂರನೇ ಮತ್ತು ಒಂಬತ್ತನೇ ಚಾಂದ್ರಮಾಸದ 15ಕ್ಕೆ. ಹೋಗುವುದಾದರೆ ಆ ದಿನ ನೋಡಿಕೊಂಡು ಹೋಗಿ.